ಮಟನ್ ಸ್ಟ್ರೀಟಿನ ಕೈಗನ್ನಡಿ ಅಂಗಡಿ: ಮೊದಲು ಹಿಡಿದು ನೋಡಿ

ಮುಂಬಯಿಯ ಹಳೇ ಸಾಮಾನಿನ ಪೇಟೆ ಚೋರ್ ಬಜಾರ್ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಗ್ರಾಮೊಫೋನು, ಹಳೇ ಹಿಂದಿ ಸಿನಿಮಾ ಪೋಸ್ಟರು, ಹಡಗಿನ ದೀಪ. ನಾನು ಅಲ್ಲಿಗೆ ಹೋಗುವುದು ಕೈಗನ್ನಡಿಗೆ. ಮನೆ ಡೊಂಬಿವಲಿಯಲ್ಲಿ, ಕೆಲಸ ಫೋರ್ಟಿನ ಒಂದು ಆಫೀಸಿನಲ್ಲಿ, ರಜೆ ಸಿಕ್ಕಿದರೆ ಯಕ್ಷಗಾನದ ವೇಷ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ನಮ್ಮ ಮುಖಕ್ಕೆ ನಾವೇ ಬಣ್ಣ ಬರೆದುಕೊಳ್ಳಬೇಕು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಕಡ್ಡಿ. ಗಂಟೆಗಟ್ಟಲೆ ಹಿಡಿದು ಕೂತವರಿಗೆ ಕನ್ನಡಿಯ ಹಿಡಿ, ತೂಕ, ಗಾಜು ಇವೆಲ್ಲ ಎಷ್ಟು ಮುಖ್ಯ ಅಂತ ಗೊತ್ತಿರುತ್ತದೆ.

ಅಂಗಡಿ ಮಟನ್ ಸ್ಟ್ರೀಟಿನಲ್ಲಿದೆ. ಬೋರ್ಡ್ ಇಲ್ಲ, ಹಾಗಾಗಿ ಹೆಸರು ಹೇಳಲಾರೆ. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಹೊರಗೆ ಹಿತ್ತಾಳೆ ಹೂಜಿಗಳ ರಾಶಿ, ಒಳಗೆ ಎಡಗೋಡೆಯ ಗಾಜಿನ ಕಪಾಟು ಪೂರ್ತಿ ಕೈಗನ್ನಡಿಗಳು. ಮಾಲೀಕರು ವಯಸ್ಸಾದ ಚಾಚಾ. ಬೆಲೆ ಕೇಳಿದರೆ ಹೇಳುವುದಿಲ್ಲ. ಕನ್ನಡಿ ತೆಗೆದು ಕೈಗೆ ಕೊಟ್ಟು, ‘ಪೆಹಲೆ ಹಾಥ್ ಮೇ ಲೋ’ (ಮೊದಲು ಕೈಯಲ್ಲಿ ಹಿಡಿ) ಅನ್ನುತ್ತಾರೆ. ಎಷ್ಟು ಹೊತ್ತು ಬೇಕಾದರೂ ಹಿಡಿದುಕೊಂಡು ನಿಲ್ಲಿ, ಬೇಸರ ಮಾಡಿಕೊಳ್ಳುವುದಿಲ್ಲ. ಈ ಒಂದು ಗುಣಕ್ಕೇ ನಾನು ಈ ಅಂಗಡಿಗೆ ಪೂರ್ತಿ ಅಂಕ ಕೊಡುತ್ತೇನೆ.

ಕಪಾಟಿನಲ್ಲಿ ಜಾಸ್ತಿ ಇರುವುದು ಇಂಗ್ಲೆಂಡಿನ ಡ್ರೆಸಿಂಗ್ ಟೇಬಲ್ ಸೆಟ್ಟುಗಳಿಂದ ಬೇರ್ಪಟ್ಟ ಕನ್ನಡಿಗಳು. ಬ್ರಷ್ಷು, ಬಾಚಣಿಗೆ, ಕನ್ನಡಿ ಒಂದೇ ಪೆಟ್ಟಿಗೆಯಲ್ಲಿ ಬರುತ್ತಿದ್ದ ಕಾಲದವು. ಬೆನ್ನಿಗೆ ಬೆಳ್ಳಿ, ಅದರಲ್ಲಿ ಉಬ್ಬಿದ ಹೂಬಳ್ಳಿ. ಹಿಡಿಯ ಹತ್ತಿರ ಸಣ್ಣ ಮುದ್ರೆಗಳ ಸಾಲು ಇರುತ್ತದೆ. ನಡೆಯುತ್ತಿರುವ ಸಿಂಹ ಇದ್ದರೆ ಸ್ಟರ್ಲಿಂಗ್, ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್ ಊರಿನ ಮುದ್ರೆ. ಅಲ್ಲಿ 1773ರಿಂದಲೂ ಬೆಳ್ಳಿ ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಾರೆ. ಪಕ್ಕದಲ್ಲೊಂದು ಅಕ್ಷರ, ಅದು ವರ್ಷದ ಗುರುತು. ಚಾಚಾ ಹತ್ತಿರ ಅಂಚು ಹರಿದ ಪುಸ್ತಕವೊಂದಿದೆ. ಭೂತಗನ್ನಡಿ ಹಿಡಿದು ಅಕ್ಷರ ಓದುತ್ತಾರೆ, ಪುಸ್ತಕದಲ್ಲಿ ತೋರಿಸಿ ವರ್ಷ ಹೇಳುತ್ತಾರೆ. ಮುದ್ರೆಯ ಬದಲು ಇ.ಪಿ.ಎನ್.ಎಸ್. ಅಂತಿದ್ದರೆ ಬರೀ ಬೆಳ್ಳಿ ಲೇಪ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್‌ರು ವಿದ್ಯುತ್ತಿನಿಂದ ಲೇಪ ಹಾಕುವ ಪೇಟೆಂಟ್ ಪಡೆದ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಇಂಥವು ಬಂದವು.

ಕೈಯಲ್ಲಿ ಭಾರ ಅನಿಸಿತು ಅಂತ ಬೆಳ್ಳಿ ಜಾಸ್ತಿ ಇದೆ ಅಂದುಕೊಳ್ಳಬೇಡಿ. ಬೆನ್ನಿನ ಬೆಳ್ಳಿ ತೆಳು ತಗಡು. ಅದು ನೆಗ್ಗದ ಹಾಗೆ ಒಳಗೆ ರಾಳದಂಥ ಅಂಟು ತುಂಬಿರುತ್ತಾರೆ. ತೂಕವೆಲ್ಲ ಅದರದ್ದು ಮತ್ತು ಗಾಜಿನದ್ದು. ಆದ್ದರಿಂದ ಗ್ರಾಂ ಲೆಕ್ಕದಲ್ಲಿ ದುಡ್ಡು ಕೇಳುವವರ ಹತ್ತಿರ ವ್ಯಾಪಾರ ಬೇಡ. ಕೆತ್ತನೆಯ ಎತ್ತರದ ಜಾಗಗಳ ಮೇಲೆ ಬೆರಳಾಡಿಸಿ. ತಿಕ್ಕಿ ತಿಕ್ಕಿ ಹೂವಿನ ದಳ ಸವೆದು ಸಣ್ಣ ತೂತು ಬಿದ್ದಿರುವುದೂ ಉಂಟು.

ಇನ್ನು ಗಾಜು. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಹಳೇ ಕೈಗನ್ನಡಿ ಕೊಂಡರೆ ಹಳೇ ಗಾಜಿನ ಸಮೇತ ಕೊಳ್ಳಬೇಕು. ಮೊದಲೆಲ್ಲ ಗಾಜಿನ ಹಿಂದೆ ತವರ ಮತ್ತು ಪಾದರಸ ಹಚ್ಚುತ್ತಿದ್ದರು. ಆ ಪಾದರಸದ ಹಬೆ ಕುಡಿದು ಕೆಲಸಗಾರರ ಆರೋಗ್ಯ ಹಾಳಾಗುತ್ತಿತ್ತು. 1835ರಲ್ಲಿ ಜರ್ಮನಿಯ ಯೂಸ್ಟಸ್ ಫಾನ್ ಲೀಬಿಗ್ ಗಾಜಿನ ಮೇಲೆ ನಿಜವಾದ ಬೆಳ್ಳಿಯ ತೆಳು ಪದರ ಕೂರಿಸುವ ರಾಸಾಯನಿಕ ದಾರಿ ಕಂಡುಕೊಂಡರು. ಮುಂದೆ ಬಂದ ಕನ್ನಡಿಗಳೆಲ್ಲ ಹೆಚ್ಚುಕಡಿಮೆ ಅದೇ ದಾರಿಯವು. ಆ ಬೆಳ್ಳಿಗೆ ತೇವ ಆಗದು. ನಮ್ಮ ಮುಂಬಯಿ ಮಳೆಗಾಲದಲ್ಲಿ ಅಂಚಿನಿಂದ ತೇವ ಒಳಗೆ ನುಗ್ಗಿ ಕಪ್ಪು ಚುಕ್ಕೆ ಏಳುತ್ತದೆ. ಒಂದೆರಡು ಚುಕ್ಕೆ ಇದ್ದರೆ ಇರಲಿ ಬಿಡಿ. ಹೊಸ ಗಾಜು ಕೂರಿಸಿದರೆ ಅಂಚಿನ ಇಳಿಜಾರು ಕೈಗೆ ಚೂಪಾಗಿ ಸಿಗುತ್ತದೆ. ಹಳೇ ಗಾಜಿನಲ್ಲಿ ಅದು ಅಗಲ, ಮೃದು, ಬೆರಳಿಗೆ ತಿಳಿಯುವುದೇ ಕಷ್ಟ. ಚಾಚಾ ಗಾಜು ಬದಲಿಸಿದ ಕನ್ನಡಿಗಳನ್ನು ಕೆಳಗಿನ ಸಾಲಿನಲ್ಲಿ ಬೇರೆ ಇಟ್ಟಿದ್ದಾರೆ, ಕೇಳದಿದ್ದರೂ ಹೇಳುತ್ತಾರೆ.

ಹೀಗೆ ಹೇಳುವವರು ಕಡಿಮೆ. ಅದೇ ಬಜಾರಿನ ಇನ್ನೊಂದು ಅಂಗಡಿಯಲ್ಲಿ ಹೊಸ ಹಿತ್ತಾಳೆ ಕನ್ನಡಿಗೆ ಆಸಿಡ್ ಹಚ್ಚಿ ಹಸಿರು ಬರಿಸಿ, ‘ನವಾಬರ ಮನೆಯದು’ ಅಂತ ನನಗೆ ತೋರಿಸಿದ್ದರು. ಗಾಜಿನ ಕಪ್ಪು ಚುಕ್ಕೆಗಳೆಲ್ಲ ಒಂದೇ ಅಳತೆ, ಒಂದೇ ಅಂತರ. ತೇವ ಹಾಗೆ ಅಳತೆ ಹಿಡಿದು ಬರುತ್ತದೆಯೇ?

ಬಜೆಟ್ ಕಡಿಮೆ ಇರುವವರು ಸೆಲ್ಯುಲಾಯ್ಡ್ (ಹಳೇ ಕಾಲದ ಒಂದು ಪ್ಲಾಸ್ಟಿಕ್) ಕನ್ನಡಿ ಕೇಳಿ. ದಂತದ ಹಾಗೆ ಕಾಣಲಿ ಅಂತ ಕೆನೆ ಬಣ್ಣದಲ್ಲಿ ಗೆರೆ ಗೆರೆಯಾಗಿ ಮಾಡಿದವು, ಹೆಚ್ಚಾಗಿ 20ನೇ ಶತಮಾನದ ಮೊದಲ ದಶಕಗಳವು. ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿ ನೋಡಿ, ಕರ್ಪೂರದ ವಾಸನೆ ಬರುತ್ತದೆ. ಸೆಲ್ಯುಲಾಯ್ಡ್ ತಯಾರಿಕೆಗೆ ಕರ್ಪೂರ ಬೇಕಿತ್ತು. ತುಂಬಾ ಹಗುರ, ಮುಖದ ಮೇಲೆ ಚುಟ್ಟಿಯ ಚುಕ್ಕೆ ಇಡುವಾಗ ಕೈ ಸೋಲುವುದಿಲ್ಲ. ಆದರೆ ಬೇಗ ಬೆಂಕಿ ಹಿಡಿಯುವ ವಸ್ತು, ದೇವರ ದೀಪದ ಹತ್ತಿರ ಇಡಬೇಡಿ.

ಕಪಾಟಿನ ಮೇಲಿನ ಮೂಲೆಯಲ್ಲಿ ಗಾಜೇ ಇಲ್ಲದ ಕನ್ನಡಿಯೊಂದಿದೆ. ಕೇರಳದ ಆರನ್ಮುಳ ಕನ್ನಡಿ, ಹಿಡಿ ಇರುವ ಬಗೆ. ತಾಮ್ರ, ತವರ ಸೇರಿಸಿ ಎರಕ ಹೊಯ್ದು, ಹೊಳಪು ಬರುವ ತನಕ ಉಜ್ಜಿ ಮಾಡುವುದು. ಬೆರಳ ತುದಿ ಇಟ್ಟು ನೋಡಿ: ಮನೆಯ ಗಾಜಿನ ಕನ್ನಡಿಯಲ್ಲಿ ಬೆರಳಿಗೂ ಬಿಂಬಕ್ಕೂ ನಡುವೆ ಸಂದು ಕಾಣುತ್ತದೆ, ಇಲ್ಲಿ ಎರಡೂ ಕೂಡಿಕೊಳ್ಳುತ್ತವೆ. ಇದನ್ನು ಹಿಡಿದಾಗ ನನಗೆ ಮೈ ಜುಮ್ಮೆಂದಿತು. ಗಾಜು ಬರುವ ಮೊದಲು ಮನುಷ್ಯ ಮುಖ ನೋಡಿಕೊಂಡದ್ದು ಇಂಥದರಲ್ಲೇ ಅಲ್ವಾ? ಹರಪ್ಪಾ ಕಾಲದ ನೆಲೆಗಳಲ್ಲಿ ತಾಮ್ರದ ಕೈಗನ್ನಡಿ ಸಿಕ್ಕಿವೆ. ಈಜಿಪ್ಟಿನವರು ಲೋಹದ ತಟ್ಟೆಗೆ ಪಪೈರಸ್ ಗಿಡದ ಆಕಾರದ ಹಿಡಿ ಕೂರಿಸಿದರು. 1117ರ ಬೇಲೂರು ಗುಡಿಯ ದರ್ಪಣ ಸುಂದರಿಯ ಕೈಯಲ್ಲಿರುವುದನ್ನು ನಾವೆಲ್ಲ ಶಾಲೆಯ ಪ್ರವಾಸದಲ್ಲೇ ನೋಡಿದ್ದೇವೆ. ಬಾಗಿನದ ಮೊರದಲ್ಲಿ ಇಡುವ ಪುಟ್ಟ ಕನ್ನಡಿಯೂ ಇದೇ ವಂಶದ್ದು ಅಂತ ನನ್ನ ಭಾವನೆ.

ಅಂಗಡಿಯ ಕೊರತೆಗಳೂ ಇವೆ. ಬೆಳಕು ಸಾಲದು. ಕನ್ನಡಿಯನ್ನು ಬಾಗಿಲಿಗೆ ತಂದು ಹಗಲು ಬೆಳಕಲ್ಲಿ ನೋಡಲೇಬೇಕು. ಯಾವುದಕ್ಕೂ ಬೆಲೆ ಚೀಟಿ ಇಲ್ಲ, ಚೌಕಾಸಿ ಬಾರದವರಿಗೆ ಕಷ್ಟ. ನಾನು ಕೊಂಡ 1907ರ ಬರ್ಮಿಂಗ್‌ಹ್ಯಾಮ್ ಬೆಳ್ಳಿ ಕನ್ನಡಿಗೆ 14,000 ಹೇಳಿ 11,500ಕ್ಕೆ ಕೊಟ್ಟರು. ಲೇಪದವು ಮೂರು ನಾಲ್ಕು ಸಾವಿರಕ್ಕೆ ಸಿಗುತ್ತವೆ. ಕೈಬರಹದ ಬಿಲ್ಲಿನಲ್ಲಿ ಮುದ್ರೆಗಳ ವಿವರ ಬರೆಸಿಕೊಳ್ಳಿ, ಕೇಳಿದರೆ ಬರೆದುಕೊಡುತ್ತಾರೆ.

ಮನೆಗೆ ತಂದ ಮೇಲೆ ಗಾಜಿಗೆ ಸ್ಪ್ರೇ ಹೊಡೆಯಬೇಡಿ, ದ್ರವ ಅಂಚಿನಲ್ಲಿ ಇಳಿದು ಬೆಳ್ಳಿ ಪದರ ತಿನ್ನುತ್ತದೆ. ಒಣ ಹತ್ತಿ ಬಟ್ಟೆ ಸಾಕು. ಬೆನ್ನನ್ನು ಬಿಸಿ ನೀರಲ್ಲಿ ಅದ್ದಿದರೆ ಒಳಗಿನ ಅಂಟು ಕರಗುತ್ತದೆ. ಶುಕ್ರವಾರ ಅಂಗಡಿ ಮುಚ್ಚಿರುತ್ತದೆ. ಅಂದು ಬೀದಿಯಲ್ಲಿ ಜುಮ್ಮಾ ಬಜಾರ್ ನಡೆಯುತ್ತದೆ, ಅಲ್ಲೂ ಕನ್ನಡಿ ಸಿಗುತ್ತವೆ, ಆದರೆ ಆ ನೂಕುನುಗ್ಗಲಲ್ಲಿ ನಿಂತು ಹಿಡಿದು ನೋಡಲು ಆಗುವುದಿಲ್ಲ. ಬೇರೆ ದಿನ, ಬಿಸಿಲಿರುವ ಮಧ್ಯಾಹ್ನ ಹೋಗಿ.