ಅಸಿಟಿಲೀನ್, ಸಾರಜನಕ-15, ಹೀಲಿಯಂ: ಒಂದೇ ಮಣ್ಣು, ಮೂರು ಉತ್ತರ

ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಹಂತಹಂತವಾಗಿ ಸಾರಜನಕ ಅನಿಲವಾಗಿಸುವುದೇ ಡಿನೈಟ್ರಿಫಿಕೇಶನ್. ಅದರಿಂದ ಮಣ್ಣಿನ ನೈಟ್ರೇಟ್ ಎಷ್ಟು ಸಾರಜನಕವಾಗಿ ಹಾರಿಹೋಗುತ್ತದೆ? ಪ್ರಶ್ನೆ ಚಿಕ್ಕದು. ಆದರೆ ಗಾಳಿಯಲ್ಲೇ ಶೇ. 78 ಸಾರಜನಕ ಇದೆಯಲ್ಲ! ಕೆರೆಗೆ ಒಂದು ಚೊಂಬು ನೀರು ಸುರಿದು ಮಟ್ಟ ಏರಿತಾ ಅಂತ ನೋಡಿದ ಹಾಗೆ. ಒಂದೇ ಮಣ್ಣನ್ನು ಮೂರು ವಿಧಾನದಲ್ಲಿ ಅಳೆದೆ. ಮೂರೂ ಬೇರೆ ಬೇರೆ ಉತ್ತರ ಕೊಟ್ಟವು.

ಅಗ್ಗದ್ದು ಅಸಿಟಿಲೀನ್. ಮಣ್ಣು ಹಾಕಿದ ಬಾಟಲಿಯ ಗಾಳಿಗೆ ಈ ಅನಿಲವನ್ನು ಶೇ. 10ರಷ್ಟು ಸೇರಿಸಿದರೆ ನೈಟ್ರಸ್ ಆಕ್ಸೈಡ್ ಸಾರಜನಕವಾಗುವ ಕೊನೆಯ ಹೆಜ್ಜೆ ನಿಲ್ಲುತ್ತದೆ, ನೈಟ್ರಸ್ ಆಕ್ಸೈಡ್ ಹಾಗೇ ಉಳಿಯುತ್ತದೆ. ಅದನ್ನು ಅಳೆಯುವುದು ಸಲೀಸು. ಗ್ರಾಫಿನ ಗೆರೆ ನೆಟ್ಟಗೆ ಬರುತ್ತದೆ, ನಾವು ಮೋಸ ಹೋಗುವುದೂ ಅಲ್ಲೇ. ಅಸಿಟಿಲೀನ್ ನೈಟ್ರಿಫಿಕೇಶನ್ ಅನ್ನೂ ನಿಲ್ಲಿಸುತ್ತದೆ. ಅಂದ್ರೆ ಹೊಸ ನೈಟ್ರೇಟ್ ಹುಟ್ಟುವುದೇ ಬಂದ್. ಒದ್ದೆ ಜೇಡಿಮಣ್ಣಿನ ಹೆಂಟೆಯೊಳಗೆ ಅಸಿಟಿಲೀನ್ ಇಳಿಯುವುದು ಬಹಳ ನಿಧಾನ. ಆಮ್ಲಜನಕ ಇದ್ದರೆ ನಡುವೆ ಹುಟ್ಟುವ ನೈಟ್ರಿಕ್ ಆಕ್ಸೈಡ್ ಕೂಡ ಬೇರೆ ದಾರಿ ಹಿಡಿಯುತ್ತದೆ. ಸಿಲಿಂಡರಿನಿಂದ ನೇರ ತೆಗೆದರೆ ಜೊತೆಗೆ ಅಸಿಟೋನ್ ಬರುತ್ತದೆ, ಸೂಕ್ಷ್ಮಜೀವಿಗಳಿಗೆ ಪುಕ್ಕಟೆ ಊಟ.

ನನ್ನ ದೊಡ್ಡ ತಪ್ಪು ಮಾತ್ರ ಇದ್ಯಾವುದೂ ಅಲ್ಲ. ಮಣ್ಣನ್ನು ನೀರಲ್ಲಿ ಕಲಸಿ ಇಟ್ಟಿದ್ದೆ, ಮೇಲಿನ ಗಾಳಿಯನ್ನಷ್ಟೇ ಲೆಕ್ಕ ಹಾಕಿದೆ. ನೈಟ್ರಸ್ ಆಕ್ಸೈಡ್ ನೀರಲ್ಲಿ ಚೆನ್ನಾಗಿಯೇ ಕರಗುತ್ತದೆ. 25 ಡಿಗ್ರಿಯಲ್ಲಿ 25 ಮಿ.ಲೀ. ನೀರು, ಮೇಲೆ 100 ಮಿ.ಲೀ. ಗಾಳಿ ಇದ್ದರೆ ಸುಮಾರು ಶೇ. 13 ನೀರಲ್ಲೇ ಕೂತಿರುತ್ತದೆ. ಇನ್ನು ಆ ರಬ್ಬರ್ ಬಿರಡೆ! ಒಂದೇ ಕಡೆ ಐದಾರು ಸಲ ಸೂಜಿ ಚುಚ್ಚಿದ್ದೆ. ಸಿರಿಂಜಿನಲ್ಲಿ ಎಳೆದಷ್ಟು ಗಾಳಿಯನ್ನು ಹೊರಗಿನಿಂದ ಅದೇ ತುಂಬಿಕೊಳ್ಳುತ್ತಿತ್ತು. ಮಾದರಿ ತೆಳುವಾಯಿತು, ನಾನು ಪ್ರಕ್ರಿಯೆ ನಿಧಾನವಾಯಿತು ಅಂದುಕೊಂಡೆ.

ಸಾರಜನಕ-15 ಅಂದ್ರೆ ಮಾಮೂಲಿಗಿಂತ ತುಸು ಭಾರದ ಸಾರಜನಕ. ಇದರಲ್ಲಿ ಏನನ್ನೂ ತಡೆಯಬೇಕಿಲ್ಲ, ಆ ನೆಮ್ಮದಿ ಇದೆ. ಅದರಿಂದ ಗುರುತು ಹಾಕಿದ ನೈಟ್ರೇಟ್ ಕೊಟ್ಟು, ಹೊರಬರುವ ಭಾರದ ಸಾರಜನಕವನ್ನು ಅಣುಗಳ ಭಾರ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಹುಡುಕುವುದು. ತೊಂದರೆ ಸೂಜಿಯಲ್ಲಿದೆ. ನೆಲದಿಂದ ಒಡೆಯದೆ ಕೊರೆದು ತೆಗೆದ ಮಣ್ಣಿನ ಕೋರ್‌ಗೆ ದ್ರಾವಣ ಚುಚ್ಚಿದರೆ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಏನೂ ಇಲ್ಲ. ಲೆಕ್ಕ ಮಾತ್ರ ಎಲ್ಲೆಡೆ ಸಮ ಅಂದುಕೊಂಡೇ ನಡೆಯುತ್ತದೆ. ನೈಟ್ರೇಟ್ ಕಡಿಮೆ ಇರುವ ಮಣ್ಣಿಗೆ ಹೊರಗಿನಿಂದ ಸುರಿದರೆ ವೇಗವೇ ಬದಲಾಗಿಬಿಡುತ್ತದೆ.

ಹೀಲಿಯಂ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು. ಗಾಳಿಯ ಜಾಗಕ್ಕೆ ಹೀಲಿಯಂ-ಆಮ್ಲಜನಕ ಮಿಶ್ರಣ ತುಂಬಿದರೆ ಸಾರಜನಕವನ್ನು ನೇರವಾಗಿ ಅಳೆಯಬಹುದು. ಆದರೆ ಒದ್ದೆ ಮಣ್ಣಿನ ರಂಧ್ರಗಳಲ್ಲಿರುವ ಹಳೆಯ ಸಾರಜನಕ ಹೊರಬೀಳುವವರೆಗೆ ಕಾಯಬೇಕು. ಎಳೆಯಷ್ಟು ಸೋರಿದರೂ ಸಾಕು, ಒಳಬಂದ ಗಾಳಿ ಮಣ್ಣಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಖಾಲಿ ಪಾತ್ರೆಯಲ್ಲಿ ಒಮ್ಮೆ ಓಡಿಸದೆ ಬಂದ ಅಂಕಿಯನ್ನು ನಾನು ಬರೆದುಕೊಳ್ಳುವುದೇ ಇಲ್ಲ.

ಹತ್ತಾರು ಮಣ್ಣುಗಳಲ್ಲಿ ಯಾವುದು ಜೋರು ಅಂತ ತಿಳಿಯಬೇಕಿದ್ದರೆ ಈಗಲೂ ಅಸಿಟಿಲೀನ್ ಬಾಟಲಿಯೇ, ಅದೂ ಕೆಲವೇ ಗಂಟೆ. ಹೊಲದಿಂದ ನಿಜವಾಗಿ ಎಷ್ಟು ಹೋಯಿತು ಅಂತ ಹೇಳಲು ಆ ಅಂಕಿ ಬಳಸಲ್ಲ. ನೈಟ್ರೇಟ್ ಧಾರಾಳವಾಗಿದ್ದರೆ ಸಾರಜನಕ-15, ಕಡಿಮೆಯಿದ್ದರೆ ಹೀಲಿಯಂ. ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಮತ್ತೆ ನೀರು ಹಾಕುವುದನ್ನಂತೂ ಬಿಟ್ಟೆ. ಒಣಮಣ್ಣು ನೆನೆದ ಕೂಡಲೇ ಸೂಕ್ಷ್ಮಜೀವಿಗಳು ಒಮ್ಮೆಲೇ ಚುರುಕಾಗುತ್ತವೆ, ಮೂರೂ ವಿಧಾನಗಳು ಆ ಗದ್ದಲವನ್ನೇ ನಿಷ್ಠೆಯಿಂದ ಅಳೆದುಕೊಡುತ್ತವೆ.