ಹುಣಸೆಮರಕ್ಕೆ ಚೂರು ಬೆಳಕು: ಎಲ್‌ಇಡಿ ಪ್ಯಾನೆಲ್, ಎರಡು ವರ್ಷ ಬಳಸಿದ ಮೇಲೆ

ಸ್ವಿಚ್ ಒತ್ತಿದ ಕೂಡಲೇ ಈ ಲೈಟು ಪೂರ್ತಿ ಬೆಳಕಿನಲ್ಲೇ ಹೊತ್ತಿಕೊಳ್ಳುತ್ತದೆ. ಹಿಂದಿನ ಸಲ ಎಷ್ಟಕ್ಕೆ ಇಳಿಸಿದ್ದೆವು ಅನ್ನೋದು ಇದಕ್ಕೆ ನೆನಪಿರುವುದಿಲ್ಲ. ಮನೆಯಲ್ಲಿ ವಿಡಿಯೋ ಮಾಡುವವರಿಗೆ ಇದು ಗೊತ್ತೂ ಆಗಲಿಕ್ಕಿಲ್ಲ. ನಕ್ಷತ್ರಗಳ ಫೋಟೋ ತೆಗೆಯೋಕೆ ಅಮಾವಾಸ್ಯೆ ರಾತ್ರಿ ಹೊಲದಲ್ಲಿ ನಿಂತವರ ಪಾಡೇ ಬೇರೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳೋಕೆ ಅರ್ಧ ಗಂಟೆ ಬೇಕು. ಒಂದು ಮಿಂಚಿಗೆ ಅಷ್ಟೂ ಹೋಗುತ್ತದೆ. ಮೊದಲ ವರ್ಷ ಹೀಗೇ ಪಕ್ಕದಲ್ಲಿದ್ದ ಗೆಳೆಯನ ಒಳ್ಳೆಯ ಫ್ರೇಮೊಂದು ಬೆಳ್ಳಗಾಗಿ ಹೋಯಿತು. ಇವತ್ತಿಗೂ ಬೇಜಾರಿದೆ.

ಇನ್ನೊಂದು ತೊಂದರೆ, ಒಂದು ಪರ್ಸೆಂಟ್‌ಗೆ ಇಳಿಸಿದರೂ ಬೆಳಕು ಜಾಸ್ತಿಯೇ. ನಾನು ಫೋಟೋ ತೆಗೆಯೋದು ಪಾವಗಡದ ಕಡೆ, ಬಂಡೆ ಪಕ್ಕದ ಹುಣಸೆಮರದ ಹತ್ತಿರ. ಅಗಲ ನೋಟದ 14 ಎಂಎಂ ಲೆನ್ಸ್, ಅದರ ಕಿಂಡಿ ಎಫ್ 2.8, ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ (ಐಎಸ್‌ಒ) 3200, ಒಂದೊಂದು ಫೋಟೋಗೂ 20 ಸೆಕೆಂಡ್. ಅಷ್ಟು ಹೊತ್ತು ಕ್ಯಾಮೆರಾ ತೆರೆದಿದ್ದರೆ ಮರಕ್ಕೆ ಚೂರೇ ಚೂರು ಬೆಳಕು ಸಾಕು. ಅದಕ್ಕೇ ಮರಕ್ಕೂ ಲೈಟಿಗೂ ನಡುವೆ 10 ಹೆಜ್ಜೆ ಇದ್ದದ್ದನ್ನು 20 ಹೆಜ್ಜೆ ಮಾಡಿಕೊಂಡೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಅಲ್ವಾ.

ಈಗ ರೂಢಿಯಾಗಿದೆ. ಪ್ಯಾನೆಲ್ಲನ್ನು ಎದೆಗೆ ಅವುಚಿಕೊಂಡು, ಮೇಲೆ ದಪ್ಪ ಟವೆಲ್ ಹೊದ್ದು, ಆಮೇಲೆ ಸ್ವಿಚ್ ಒತ್ತುತ್ತೇನೆ. ಟವೆಲ್ ಒಳಗೇ ಬೆಳಕು ಇಳಿಸುವ ತಿರುಗಣಿಯನ್ನು ಕೊನೆಯವರೆಗೆ ತಿರುಗಿಸುತ್ತೇನೆ. ಬಣ್ಣ 3200 ಕೆಲ್ವಿನ್‌ಗೆ, ಅಂದರೆ ಹಳದಿ ಬೆಳಕಿಗೆ. ಬಿಳಿ ಬೆಳಕಿನಲ್ಲಿ ತೊಗಟೆ ಬೂದಿ ಬಳಿದ ಹಾಗೆ ಕಾಣುತ್ತದೆ. ಮುಂದೆ ಎರಡು ಪದರ ಟ್ರೇಸಿಂಗ್ ಪೇಪರ್, ಅಮ್ಮ ಬಟ್ಟೆ ಒಣಗಿಸುವ ಕ್ಲಿಪ್ಪುಗಳಲ್ಲಿ ಸಿಕ್ಕಿಸಿದ್ದು. ಸ್ಟ್ಯಾಂಡನ್ನು ಕ್ಯಾಮೆರಾ ಪಕ್ಕ ಇಡುವುದಿಲ್ಲ, ಮರದ ಎಡಕ್ಕೆ ಓರೆಯಾಗಿ ಇಡುತ್ತೇನೆ. ಆಗ ಕಾಂಡದ ಒಂದೊಂದು ಬಿರುಕಿಗೂ ನೆರಳು ಬರುತ್ತದೆ.

ಒಮ್ಮೆ ಹಚ್ಚಿದರೆ ಮತ್ತೆ ಆರಿಸುವುದೇ ಇಲ್ಲ. ರಾತ್ರಿ ಎರಡಕ್ಕೆ ಹಚ್ಚಿದರೆ ಐದರವರೆಗೂ ಸಣ್ಣಗೆ ಉರಿಯುತ್ತದೆ. ನನಗೆ ಇದು ಇಷ್ಟವಾಗಿದ್ದೇ ಇಲ್ಲಿ. ಮೊದಲು ಟಾರ್ಚ್ ಆಡಿಸುತ್ತಿದ್ದಾಗ ಒಂದು ಫ್ರೇಮಿನ ಬೆಳಕು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಈಗ 16 ಫ್ರೇಮ್ ತೆಗೆದರೂ ಮರ ಒಂದೇ ಥರ. ಅಷ್ಟನ್ನೂ ಒಂದರ ಮೇಲೊಂದು ಸೇರಿಸಿ ಸರಾಸರಿ ಮಾಡಿದರೆ ನಾಯ್ಸ್, ಅಂದರೆ ಫೋಟೋದಲ್ಲಿ ಕಾಣುವ ಕಾಳುಕಾಳು ಚುಕ್ಕೆ, ಕಾಲು ಭಾಗಕ್ಕೆ ಬರುತ್ತದೆ. ಓಡಾಟವೂ ಇಲ್ಲ. ಸುಮ್ನೆ ಕೂತು ಆಕಾಶ ನೋಡಬಹುದು.

ಈ ಸಲ ಯುಗಾದಿ ಅಮಾವಾಸ್ಯೆಗೆ ಹೋಗಿದ್ದೆ. ಮೂರು ಗಂಟೆಗೆ ವೃಶ್ಚಿಕ ರಾಶಿಯ ನಕ್ಷತ್ರಗಳ ಚೇಳಿನ ಕೊಂಡಿ ಕೊಂಬೆಗಳ ಮೇಲೆ ಬಂದಿತ್ತು. ಕರೆಂಟ್ ಬಂತು ಅಂತ ಪಂಪ್ ಹಾಕೋಕೆ ಹೊರಟಿದ್ದ ಪಕ್ಕದ ಹೊಲದ ತಾತ ಅಲ್ಲೇ ನಿಂತರು. ಕೈಯಲ್ಲಿದ್ದ ಟಾರ್ಚ್ ಆರಿಸಿದರು. “ಇದೇನಪ್ಪಾ, ಇದೊಂದು ಮರಕ್ಕೇ ಬೆಳದಿಂಗಳು ಬಿದ್ದಂಗೈತಲ್ಲ” ಅಂದರು. ಪಂಪ್ ಮರೆತು ಸ್ವಲ್ಪ ಹೊತ್ತು ನನ್ನ ಪಕ್ಕದಲ್ಲೇ ಕೂತರು.

ನಾನು ಕೊಟ್ಟಿದ್ದು 2,500 ರೂಪಾಯಿ. ಬ್ಯಾಟರಿ ಸಾಯುವವರೆಗೂ ಬದಲಾಯಿಸುವುದಿಲ್ಲ. ಹೊಸದಾಗಿ ಕೊಳ್ಳುವವರು ಇನ್ನೊಂದು ಸಾವಿರ ಸೇರಿಸಿದರೂ ಪರವಾಗಿಲ್ಲ, ನೆನಪಿರುವ ಲೈಟನ್ನೇ ತಗೊಳ್ಳಿ. ಅಂಗಡಿಯಲ್ಲೇ ಬೆಳಕು ಕಡಿಮೆ ಮಾಡಿ, ಒಂದ್ಸಲ ಆರಿಸಿ, ಮತ್ತೆ ಹಚ್ಚಿ ನೋಡಿ.