ಬಲ್ಜ್ ಕದನವೋ, ಸ್ಟಾಲಿನ್‌ಗ್ರಾಡೋ: ಮಕ್ಕಳಿಗೆ ಮೊದಲು ಯಾವುದು?

ಏಳನೇ ಕ್ಲಾಸಿನ ಮಗಳಿಗೆ ಎರಡನೇ ಮಹಾಯುದ್ಧದ ಚಳಿಗಾಲದ ಒಂದು ಕದನ ಓದಿಸಬೇಕು, ಎರಡರಲ್ಲಿ ಯಾವುದು ಅಂತ ಕೇಳಿದ್ದೀರಿ. ಅದು ಮಗುವಿನ ಮೇಲೆ ನಿಂತಿದೆ.

ಹಿಡಿತಕ್ಕೆ ಸಿಗುವುದು ಬಲ್ಜ್. 1944ರ ಡಿಸೆಂಬರ್ 16ಕ್ಕೆ ಶುರು, 1945ರ ಜನವರಿ 25ಕ್ಕೆ ಮುಗಿಯಿತು. ಬೆಲ್ಜಿಯಂ, ಲಕ್ಸೆಂಬರ್ಗ್‌ನ ಆರ್ಡೆನ್ಸ್ ಕಾಡಿನಲ್ಲಿ ಜರ್ಮನ್ನರು ಅಮೆರಿಕನ್ ಸೈನ್ಯದ ಮೇಲೆ ನುಗ್ಗಿದಾಗ ನಕ್ಷೆಯಲ್ಲಿ ಒಂದು ಉಬ್ಬು (ಇಂಗ್ಲಿಷಿನಲ್ಲಿ ಬಲ್ಜ್) ಕಾಣಿಸಿತು. ಹೆಸರು ಬಂದಿದ್ದೇ ಅದರಿಂದ. ಪೆನ್ಸಿಲ್ ಕೊಟ್ಟರೆ ಮಗಳೇ ಬರೆಯುತ್ತಾಳೆ. ಸೋವಿಯತ್ ರಷ್ಯಾದ ಸ್ಟಾಲಿನ್‌ಗ್ರಾಡ್ ನಗರದ ಕದನ 1942ರ ಬೇಸಿಗೆಯಲ್ಲೇ ಶುರುವಾಗಿ 1943ರ ಫೆಬ್ರವರಿ 2ರವರೆಗೆ ನಡೆಯಿತು. ಜರ್ಮನ್ನರಿಗೂ ಸೋವಿಯತ್ ಸೈನಿಕರಿಗೂ ಬೀದಿ ಬೀದಿಯಲ್ಲೂ ಕಾದಾಟ, ಆಮೇಲೆ ಜರ್ಮನ್ನರಿಗೇ ಮುತ್ತಿಗೆ. ಒಂದೇ ಸಲಕ್ಕೆ ಜಾಸ್ತಿ ಆಗುತ್ತದೆ.

ಚಳಿ ಎರಡರಲ್ಲೂ ಭೀಕರ. ಆದರೆ ಬಲ್ಜ್‌ನಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಪ್ರಸಂಗವಿದೆ. ಬೆಲ್ಜಿಯಂನ ಬಾಸ್ಟೋನ್ ಪಟ್ಟಣದ ಹತ್ತಿರದ ಹೆಮ್ರೂಲ್ ಹಳ್ಳಿಯವರು, ಅಮೆರಿಕನ್ ಸೈನಿಕರು ಹಿಮದಲ್ಲಿ ಶತ್ರುವಿನ ಕಣ್ಣಿಗೆ ಬೀಳದಿರಲಿ ಅಂತ ಮನೆಯ ಬಿಳಿ ಬೆಡ್‌ಶೀಟ್‌ಗಳನ್ನೇ ಕೊಟ್ಟರು. ಆ ಸೈನಿಕರ ಅಧಿಕಾರಿ ಅದನ್ನು ಮರೆಯಲಿಲ್ಲ. 1948ರಲ್ಲಿ ಬೆಡ್‌ಶೀಟ್‌ಗಳನ್ನು ಹೊತ್ತು ಅದೇ ಹಳ್ಳಿಗೆ ವಾಪಸ್ ಬಂದರು. ಮಕ್ಕಳ ಮನಸ್ಸಿನಲ್ಲಿ ಇಂಥದ್ದು ಉಳಿಯುತ್ತದೆ, ಅಲ್ವಾ?

ದುಃಖದ ಭಾರ ಸ್ಟಾಲಿನ್‌ಗ್ರಾಡ್‌ನಲ್ಲಿ ಹೆಚ್ಚು. ಕೊನೆಗೆ ಸೆರೆಸಿಕ್ಕ ಸುಮಾರು 91,000 ಜರ್ಮನ್ ಸೈನಿಕರಲ್ಲಿ ಊರಿಗೆ ಮರಳಿದವರು ಸುಮಾರು 6,000 ಮಾತ್ರ. ಬಲ್ಜ್ ಕೂಡ ಹಗುರವಲ್ಲ, ಅಲ್ಲಿ ಸುಮಾರು 19,000 ಅಮೆರಿಕನ್ನರು ಸತ್ತರು.

ಮಗಳು ನಕ್ಷೆ, ಸಾಹಸ ಇಷ್ಟಪಡುವವಳಾದರೆ ಬಲ್ಜ್ ಕೊಡಿ. 'ಹಿಟ್ಲರ್ ಸೋತಿದ್ದು ಹೇಗೆ' ಅಂತ ಬೆನ್ನು ಹತ್ತಿ ಕೇಳುವವಳಾದರೆ ಸ್ಟಾಲಿನ್‌ಗ್ರಾಡ್ ಕೊಡಿ, ಆದರೆ ಪಕ್ಕದಲ್ಲಿ ಕೂತು ಓದಿ.